ಇಪ್ಪತ್ತಮೂರು ಖಾಲಿ ಬಾಂಬುಗಳು

ಎಪ್ಪತ್ತರ ದಶಕದ ನಡುವೆ ನನಗೆ ಮಾನ್ವಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಕೆಲಸ ಸಿಕ್ಕಿತು. ಪರೀಕ್ಷೆಗೆ ಕೂರುವ ಹುಡುಗಿಯರಿಗೆ ವಸ್ತುಚಿತ್ರ ಬಿಡಿಸುವುದನ್ನು ಹೇಳಿಕೊಡಬೇಕಿತ್ತು. ಮೇಜಿನ ಮೇಲೆ ಒಂದು ತಂಬಿಗೆ, ಎರಡು ಬದನೆಕಾಯಿ, ಒಂದು ಇಟ್ಟಿಗೆ. ವರ್ಷವಿಡೀ ಅದೇ. ಅವರಿಗೂ ಬೇಸರ, ನನಗೂ ಬೇಸರ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ರಾಯಚೂರಿನ ಬಸ್ಸು ಹತ್ತಿದೆ. ರೈಲು ನಿಲ್ದಾಣದ ಕಡೆ ಒಂದು ಗುಜರಿ ಅಂಗಡಿ ಇತ್ತು. ನೆರಳು ಬೆಳಕು ಚೆನ್ನಾಗಿ ಬೀಳುವ ಯಾವುದಾದರೂ ಹಳೆಯ ಕಬ್ಬಿಣದ ಸಾಮಾನು ಸಿಕ್ಕೀತು ಎಂದು ಹೋಗಿದ್ದೆ.

ಅಂಗಡಿಯ ಮಾಲೀಕರಿಗೆ ಆಗಲೇ ಅರವತ್ತು ದಾಟಿತ್ತು. ತಗಡಿನ ಮಾಡಿನ ಕೆಳಗೆ ಮಣೆ ಹಾಕಿ ಕೂತು, ಕೈಯಲ್ಲೊಂದು ಸ್ಪ್ಯಾನರು ಹಿಡಿದು, ಬಂದ ಪ್ರತಿ ತುಂಡನ್ನೂ ಕುಟ್ಟಿ ಅದರ ಸದ್ದಿನಿಂದಲೇ ಇದು ಬೀಡುಕಬ್ಬಿಣ, ಇದು ಉಕ್ಕು ಎಂದು ಬೇರೆ ಮಾಡುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ನಾನು ಅವರನ್ನು ಚಾಚಾ ಎಂದೇ ಕರೆದೆ. ನನ್ನ ಬೇಡಿಕೆ ಕೇಳಿ ಅವರು ರಾಶಿಯೊಳಗೆ ಕೈ ಹಾಕಿ ಒಂದು ವಸ್ತು ತೆಗೆದುಕೊಟ್ಟರು. ಮುಷ್ಟಿಯಷ್ಟು ಗಾತ್ರ, ಸೀತಾಫಲದ ಹಾಗೆ ಮೈತುಂಬ ಗಂಟು.

"ಇದೇನ್ರಿ ಚಾಚಾ?"

"ಗ್ರೆನೇಡು ಅಕ್ಕೋರ. ಕೈಬಾಂಬು. ಇಂಗ್ರೇಜರ ಕಾಲದ್ದು."

ನಾನು ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಅವರು ನಕ್ಕು ಅದನ್ನು ತಿರುಗಿಸಿ ತೋರಿಸಿದರು. ತಳದಲ್ಲಿ ಬೆರಳು ತೂರುವಷ್ಟು ತೂತು. ಕಣ್ಣಿಟ್ಟು ನೋಡಿದರೆ ಆ ಬದಿಯ ಬೆಳಕು ಕಾಣುತ್ತಿತ್ತು.

"ಹೊಟ್ಟ್ಯಾಗ ಏನೂ ಇಲ್ಲ. ಮಿಲಿಟರಿಯವರು ಖಾಲಿ ಮಾಡಿ, ತೂತು ಹಾಕಿ, ಆಮ್ಯಾಲ ಹರಾಜಿಗಿ ಇಡ್ತಾರ. ಕಾಗದಾನೂ ಕೊಡ್ತಾರ. ಕಾಗದ ಇಲ್ದ ಮಾಲು ನಾ ಒಳಗ ತಗೊಳ್ಳಂಗಿಲ್ಲ."

ಅದು ಬಾಯಿಮಾತಲ್ಲ. ಹಿಂದೊಮ್ಮೆ ಹಳೆಯ ಕಬ್ಬಿಣದ ಜೊತೆ ತೂತಿಲ್ಲದ ಒಂದು ಗುಂಡು ಬಂದುಬಿಟ್ಟಿತ್ತಂತೆ. ಅವರು ಅದನ್ನು ಮುಟ್ಟದೆ, ಅಂಗಡಿಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ತಾವೇ ನಡೆದು ಹೋಗಿ ಪೊಲೀಸರಿಗೆ ತಿಳಿಸಿದ್ದರು. ಅದನ್ನು ಒಯ್ಯುವವರು ಬರುವ ತನಕ ಎರಡು ದಿನ ಆ ಬೀದಿಯಲ್ಲಿ ಯಾರನ್ನೂ ಬಿಟ್ಟಿರಲಿಲ್ಲ. ಇದನ್ನು ಈಗಲೇ ಹೇಳುತ್ತಿದ್ದೇನೆ. ಮುಂದೆ ನೆನಪಿಡಬೇಕಾಗಿದ್ದವರು ಯಾರೂ ಇದನ್ನು ನೆನಪಿಡಲಿಲ್ಲ.

ಆ ಗ್ರೆನೇಡನ್ನು ಕೋಣೆಗೆ ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ನಾಲ್ಕು ದಿನದ ನಂತರ ತಂತಿಯ ಬ್ರಷ್ಷಿನಿಂದ ತಿಕ್ಕಿದಾಗ ಕಂದು ತುಕ್ಕು ಉದುರಿ, ಕೆಳಗೆ ಎರಡು ಅಕ್ಷರ, ಒಂದು ಸಂಖ್ಯೆ ಮೂಡಿದವು. ಅಚ್ಚಿನಲ್ಲೇ ಎರಕ ಹೊಯ್ದ ಅಕ್ಷರ. ಯಾವ ಊರಿನಲ್ಲೋ, ಯಾವ ಕಾರ್ಖಾನೆಯಲ್ಲೋ, ಯಾರೋ ಕೈಯಿಂದ ಆ ಅಚ್ಚು ಕೆತ್ತಿದ್ದರು. ಮನುಷ್ಯರನ್ನು ಚೂರು ಮಾಡಲೆಂದೇ ಮಾಡಿದ ವಸ್ತುವಿನ ಮೇಲೆ ಅಷ್ಟು ಅಂದದ ಅಕ್ಷರ. ನನಗೆ ಸಿಟ್ಟೂ ಬಂತು, ಬಿಟ್ಟಿರಲಾರದ ಆಸೆಯೂ ಹುಟ್ಟಿತು. ಎರಡೂ ಒಟ್ಟಿಗೇ ಬಂದವು, ಹಾಗೆಯೇ ಉಳಿದವು.

ಮುಂದಿನ ಏಳೆಂಟು ವರ್ಷ ತಿಂಗಳಿಗೊಮ್ಮೆಯಾದರೂ ರಾಯಚೂರಿಗೆ ಹೋಗುತ್ತಿದ್ದೆ. ಚಾಚಾ ಗ್ರೆನೇಡಿನ ಖಾಲಿ ಚಿಪ್ಪು, ಮಾರ್ಟರ್ ಎಂಬ ಸಣ್ಣ ತೋಪಿನಿಂದ ಹಾರಿಸುವ ಗುಂಡಿನ ಖಾಲಿ ಒಡಲು, ಅದರ ಬಾಲದ ರೆಕ್ಕೆ ಏನು ಬಂದರೂ ನನಗೆಂದು ತೆಗೆದಿಡುತ್ತಿದ್ದರು. ಜೊತೆಗೆ ಹರಾಜಿನ ಕಾಗದದ ನಕಲನ್ನು ನನ್ನ ಕೈಲೇ ಬರೆಸಿ, ಅದರ ಕೆಳಗೆ ಉರ್ದುವಿನಲ್ಲಿ ತಮ್ಮ ಸಹಿ ಹಾಕುತ್ತಿದ್ದರು. ಮುರಿದ ಮೂತಿಗೆ ಬದಲಾಗಿ ಬಡಗಿಯಿಂದ ಬೇವಿನ ಕಟ್ಟಿಗೆಯ ಮೂತಿ ಮಾಡಿಸುತ್ತಿದ್ದೆ. ಮೂಲ ಬಣ್ಣ ಯಾವುದಿತ್ತೆಂದು ತಿಳಿಯಲು ರೆಕ್ಕೆಯ ಸಂದಿನಲ್ಲಿ ಉಳಿದ ಉಗುರಿನಷ್ಟು ಪೊರೆಯನ್ನು ಬಿಸಿಲಿಗೆ ಹಿಡಿದು ನೋಡಿ, ಹಳದಿಗೆ ಕಪ್ಪು ಬೆರೆಸಿ, ಮತ್ತೆ ಬೆರೆಸಿ, ಆ ಕೊಳೆ ಹಸಿರು ಬರುವ ತನಕ ಬಿಡುತ್ತಿರಲಿಲ್ಲ. ಅಕ್ಷರ ಬರೆಯಲು ಆಸ್ಪತ್ರೆಯವರು ಬಿಸಾಡಿದ ಎಕ್ಸ್‌ರೇ ಹಾಳೆಯನ್ನು ಬ್ಲೇಡಿನಿಂದ ಕೊರೆದು ಅಚ್ಚು ಮಾಡಿಕೊಳ್ಳುತ್ತಿದ್ದೆ. ಯಾರದೋ ಪಕ್ಕೆಲುಬಿನ ನಡುವೆ ನನ್ನ ಅಂಕಿಗಳು.

ದೇವದುರ್ಗದಲ್ಲಿದ್ದ ನನ್ನ ಅವ್ವನಿಗೆ ಇದು ಸೇರುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ನನ್ನ ಅಪ್ಪ ಕಾಲುವೆ ಅಗೆಯುವ ಕೆಲಸದಲ್ಲಿ ಬಂಡೆ ಒಡೆಯಲು ಮದ್ದು ತುಂಬುವ ಗುಂಪಿನ ಕೂಲಿಯಾಗಿದ್ದ. ಸಿಡಿಯದೆ ಉಳಿದಿದ್ದ ಮದ್ದೊಂದು ಅವನ ಬಲಗೈಯ ಮೂರು ಬೆರಳು ತಿಂದಿತ್ತು. ನಾನು ನೌಕರಿಗೆ ಸೇರುವ ಹೊತ್ತಿಗೆ ಅವನು ಇರಲಿಲ್ಲ. ಅವ್ವ ಒಮ್ಮೆ ಮಾನ್ವಿಗೆ ಬಂದಾಗ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ನಿಂತ ಗುಂಡುಗಳನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಿಮ್ಮಪ್ಪನ ಕೈ ತಿಂದಿದ್ದನ್ನ ತಂದು ಮನಿಯಾಗ ಮೆರವಣಿಗಿ ಇಟ್ಟೀಯಲ್ಲ, ನಿನಗೇನ್ ಬಂದದ?"

"ಇವು ಯಾರ ಕೈನೂ ತಿನ್ನಂಗಿಲ್ಲ ಯವ್ವಾ. ಇವುಗಳ ಹೊಟ್ಟಿ ಖಾಲಿ ಮಾಡ್ಯಾರ."

"ಹೊಟ್ಟಿ ಖಾಲಿ ಇದ್ದದ್ದಕ್ಕ ಹಸಿವು ಇರಂಗಿಲ್ಲೇನು?" ಎಂದಳು. ಆ ದಿನ ಅವಳು ಒಳಗೆ ಬಂದು ಮಲಗಲೇ ಇಲ್ಲ. ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಬಳಿ ಇಪ್ಪತ್ತಮೂರು ಆಗಿದ್ದವು. ಆ ಜನವರಿಯಲ್ಲಿ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ಟೀಚರ್ರ, ಗಣರಾಜ್ಯೋತ್ಸವಕ್ಕ ಒಂದು ಪ್ರದರ್ಶನ ಇಡೋಣು. ನಿಮ್ಮ ಬಾಂಬು ತರ್ರಿ. ದೇಶಭಕ್ತಿಗೂ ಆಗ್ತದ, ಚಿತ್ರಕಲಾಕೂ ಆಗ್ತದ." ನಾನು ಎಲ್ಲವನ್ನೂ ತಂದು ಉದ್ದನೆಯ ಮೇಜಿನ ಮೇಲೆ ಜೋಡಿಸಿದೆ. ಪ್ರತಿಯೊಂದರ ಮುಂದೆ ಹುಡುಗಿಯರು ಬಿಡಿಸಿದ ಪೆನ್ಸಿಲ್ ಚಿತ್ರ. ಹೆಡ್‌ಮಾಸ್ತರರು ಕೋಟು ಹಾಕಿಕೊಂಡು ಬಂದು, ದೊಡ್ಡ ಮಾರ್ಟರ್ ಗುಂಡೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಫೋಟೊ ತೆಗೆಸಿಕೊಂಡರು. ಊರಿನ ಹಿರಿಯರು ನೋಡಿ ಹೋದರು. ಅಕ್ಕಿ ಗಿರಣಿಯ ಹಮಾಲರೂ ಬಂದು ನೋಡಿದರು. ಒಬ್ಬರೂ ಹೆದರಲಿಲ್ಲ.

ಮುಂದಿನ ತಿಂಗಳು ಬೇರೆ ಯಾವುದೋ ದೂರದ ಊರಿನ ಗುಜರಿ ಅಂಗಡಿಯಲ್ಲಿ ಏನೋ ಸಿಡಿದು ಜನ ಸತ್ತರೆಂಬ ಸುದ್ದಿ ಬಂತು. ಆಮೇಲೆ ಯಾರೋ ನನ್ನ ಮೇಲೆ, ಚಾಚಾನ ಮೇಲೆ ಪೊಲೀಸರಿಗೆ ಹೆಸರಿಲ್ಲದ ಅರ್ಜಿ ಬರೆದರು. ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಬಾಗಿಲು ಬಡಿದರು. ನಾಲ್ವರು ಪೊಲೀಸರು. ಬಾಡಿಗೆ ಮನೆಯ ಒಡತಿಯ ಎದುರು, ಓಣಿಯ ಎದುರು, ನನ್ನ ಹಾಸಿಗೆ ಮಗುಚಿ ಹಾಕಿ, ಬಣ್ಣದ ಡಬ್ಬಿಗಳನ್ನು ಉರುಳಿಸಿ, ಇಪ್ಪತ್ತಮೂರನ್ನೂ ಅಕ್ಕಿಯ ಗೋಣಿಚೀಲಗಳಿಗೆ ತುಂಬಿದರು. ಆಮೇಲೆ ಆ ಚೀಲಗಳನ್ನು ಜೀಪಿನೊಳಗೆ ಎಸೆದರು. ಹೌದು, ಎಸೆದರು. ಢಣ್ ಎಂದು ಒಂದರ ಮೇಲೊಂದು. ನನ್ನ ಎಂಟು ವರ್ಷದ ಬಣ್ಣ ಚಕ್ಕೆಯೆದ್ದು ಹೋಗುವ ಸದ್ದು ನನಗೆ ಹೊರಗೆ ನಿಂತರೂ ಕೇಳಿತು.

ಬಾಂಬು ಎಂದು ನಿಜವಾಗಿ ನಂಬಿದವರು ಹಾಗೆ ಎಸೆಯುತ್ತಾರೆಯೇ? ಅವು ಖಾಲಿ ಎಂದು ಅವರಿಗೆ ಮೊದಲ ಗಳಿಗೆಯಿಂದಲೂ ಗೊತ್ತಿತ್ತು.

ಠಾಣೆಯಲ್ಲಿದ್ದ ಅಧಿಕಾರಿ ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದವರು. "ಕೂತ್ಕೊಳ್ರೀ" ಎಂದೇ ಶುರು ಮಾಡಿದರು. ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರು ಕೇಳಿದರು. ದೇವದುರ್ಗ ಎಂದೆ. ದೇವದುರ್ಗದಲ್ಲಿ ಯಾವ ಓಣಿ ಎಂದು ಕೇಳಿದರು. ಓಣಿಯ ಹೆಸರು ಹೇಳಿದ ಮೇಲೆ ಅವರ ಮಾತಿನಿಂದ 'ರೀ' ಬಿದ್ದುಹೋಯಿತು.

"ನೋಡಮ್ಮ, ಇವನ್ನ ನಿನ್ನ ಹತ್ರ ಇಟ್ಟೋನು ಯಾರು?"

"ಯಾರೂ ಇಟ್ಟಿಲ್ಲ ಸರ್. ಇವು ನನ್ನವು. ನಾನೇ ತಂದದ್ದು, ನಾನೇ ತೊಳೆದು ಬಣ್ಣ ಹಚ್ಚಿದ್ದು."

"ಹೆಂಗಸ್ರು ಸೀರೆ ಕೂಡಿಡ್ತಾರೆ, ಬಳೆ ಕೂಡಿಡ್ತಾರೆ. ಬಾಂಬ್ ಕೂಡಿಡೋ ಹೆಂಗಸನ್ನ ನಾನು ನೋಡಿಲ್ಲ. ಆ ಗುಜರಿ ಸಾಬಿ ತಾನೇ ಇಟ್ಕೋ ಅಂತ ಕೊಟ್ಟಿದ್ದು?"

ನಾನು ಬ್ಯಾಗಿನಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಮೇಲಿನ ಹಾಳೆಯ ಕೆಳಗಿದ್ದ ಉರ್ದು ಸಹಿಯನ್ನು ಮಾತ್ರ ನೋಡಿದರು. ಮೇಲೆ ಏನು ಬರೆದಿದೆ ಎಂದು ಓದಲೇ ಇಲ್ಲ. ಪಕ್ಕದಲ್ಲಿದ್ದ ರೈಟರ್ ಬರೆದು ಮುಗಿಸಿದ ಹೇಳಿಕೆಯನ್ನು ನನ್ನ ಕಡೆ ತಳ್ಳಿದರು. ಅದರಲ್ಲಿ, ಗುಜರಿ ಅಂಗಡಿಯವನು ಈ ಸಾಮಾನುಗಳನ್ನು ಕೆಲಕಾಲ ಮರೆಮಾಡಿಡಲು ನನಗೆ ಕೊಟ್ಟನೆಂದೂ ನಾನು ಏನೂ ತಿಳಿಯದೆ ಇಟ್ಟುಕೊಂಡೆನೆಂದೂ ಇತ್ತು.

"ಸಹಿ ಹಾಕು. ನಿನ್ನ ನೌಕರಿ ಉಳೀತದೆ. ಮನೆಗೆ ಹೋಗು."

ಕೊಂಚವೂ ಹಿಂಜರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪೆನ್ನು ಕೈಗೆ ತೆಗೆದುಕೊಂಡಿದ್ದೆ. ನಮ್ಮ ಓಣಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣು ನಾನು. ಆದರೆ ಆ ಸಾಲು ಮತ್ತೆ ಓದಿದಾಗ ನನಗೆ ಕಂಡದ್ದು 'ಏನೂ ತಿಳಿಯದೆ' ಎಂಬ ಮಾತು. ನನ್ನ ಎಂಟು ವರ್ಷದ ದುಡಿಮೆಗೆ, ನನ್ನ ಕಣ್ಣಿಗೆ, ಕೈಗೆ ಅವರು ಕೊಟ್ಟ ಹೆಸರು ಅದು. ಪೆನ್ನು ಕೆಳಗಿಟ್ಟು ಬೇರೆ ಹಾಳೆ ಕೇಳಿದೆ. ಕೊಡಲಿಲ್ಲ. ಬ್ಯಾಗಿನಲ್ಲಿದ್ದ ಡ್ರಾಯಿಂಗ್ ಹಾಳೆಯ ಮೇಲೆ ನನ್ನದೇ ಹೇಳಿಕೆ ಬರೆದು, ಸಹಿ ಮಾಡಿ ಅವರ ಮುಂದಿಟ್ಟೆ. ಅವರು ಅದನ್ನು ಎರಡಾಗಿ ಮಡಿಸಿ ಡ್ರಾಯರಿಗೆ ಹಾಕಿದರು. ನನ್ನನ್ನು ಸಂಜೆಯೊಳಗೆ ಬಿಟ್ಟರು. ಚಾಚಾನನ್ನು ಅದೇ ಹೊತ್ತಿಗೆ ಅಂಗಡಿಯಿಂದ ಎತ್ತಿಕೊಂಡು ಬಂದಿದ್ದರು.

ಬಾಂಬು ಇಟ್ಟುಕೊಂಡಿದ್ದು ನಾನು, ಒಳಗೆ ಕೂತಿದ್ದು ಅವರು. ಅವು ನನ್ನವು ಎಂದು ನಾನು ಎಷ್ಟು ಸಲ ಕೂಗಿ ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ನಾನು ಹೆಂಗಸು, ಹಾಗಾಗಿ ನನ್ನವಾಗಿರಲಾರವು. ಅವರು ಸಾಬರು, ಹಾಗಾಗಿ ಅವರವೇ ಆಗಿರಬೇಕು. ಇಷ್ಟೇ ಪೊಲೀಸರ ತನಿಖೆ.

ಎರಡನೆಯ ದಿನ ಸ್ಥಳೀಯ ಪತ್ರಿಕೆಯೊಂದು 'ಶಿಕ್ಷಕಿಯ ಕೋಣೆಯಲ್ಲಿ ಬಾಂಬುಗಳ ರಾಶಿ' ಎಂದು ಬರೆಯಿತು. ಹೆಡ್‌ಮಾಸ್ತರರು ಮೇಲಿನವರಿಗೆ ಕಾಗದ ಬರೆದು, ಈ ವಸ್ತುಗಳ ವಿಷಯ ತಮ್ಮ ಗಮನಕ್ಕೆ ಬಂದೇ ಇರಲಿಲ್ಲ ಎಂದರು. ಅವರ ಕೋಣೆಯ ಗೋಡೆಯ ಮೇಲಿದ್ದ ಆ ಫೋಟೊ ಅಷ್ಟರಲ್ಲಿ ಮಾಯವಾಗಿತ್ತು. ಮೊಳೆ ಮಾತ್ರ ಇತ್ತು. ನಾನು ಒಳಗೆ ಹೋಗಿ ಮೊಳೆಯ ಕಡೆ ಬೆರಳು ತೋರಿಸಿ, "ಅಲ್ಲೇನಿತ್ತು ಸರ್?" ಎಂದೆ. "ಕ್ಯಾಲೆಂಡರು" ಎಂದರು, ನನ್ನ ಮುಖ ನೋಡದೆ.

ನಾನು ರಜೆ ಹಾಕಿ ದಿನವೂ ಠಾಣೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಮೂರನೆಯ ದಿನ ದೇವದುರ್ಗದಿಂದ ಅವ್ವ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಪಕ್ಕ ಕೂತು ಬುತ್ತಿ ಬಿಚ್ಚಿ, ಒಂದು ರೊಟ್ಟಿಗೆ ಪುಂಡಿಪಲ್ಯ ಹಚ್ಚಿ ನನ್ನ ಕೈಗಿಟ್ಟಳು. ಇನ್ನೆರಡನ್ನು ಬಟ್ಟೆಯಲ್ಲಿ ಕಟ್ಟಿ ಪಹರೆಯವನ ಕೈಗೆ ಕೊಟ್ಟು, "ಒಳಗಿರೋ ಮುದುಕಪ್ಪಗ ಕೊಡು" ಎಂದಳು. ಅವನು ಹಿಂದೆಮುಂದೆ ನೋಡಿ ಒಯ್ದ. ಸ್ವಲ್ಪ ಹೊತ್ತಿಗೆ ಅಧಿಕಾರಿ ಹೊರಗೆ ಬಂದು, ಇದೇನು ಛತ್ರವೇ ಎಂದು ಗದರಿದರು. ಅವ್ವ ಎದ್ದು ನಿಂತಳು.

"ಸಾಹೇಬ್ರ, ನನ್ನ ಗಂಡನ ಮೂರು ಬಟ್ಟು ಹಾರಿಹೋದವು. ಅದು ಖರೇ ಮದ್ದು, ಖಾಲಿ ಅಲ್ಲ. ಆವತ್ತು ಗುತ್ತೇದಾರನ ಮನಿಗೆ ಎಷ್ಟು ಮಂದಿ ಪೊಲೀಸ್ರು ಹೋಗಿದ್ರಿ? ಯಾರ ಹಾಸಿಗಿ ಮಗುಚಿ ಹಾಕಿದ್ರಿ? ಹೇಳ್ರಿ ನೋಡೋಣು."

"ಆ ಕೇಸಿಗೂ ಇದಕ್ಕೂ ಏನಮ್ಮ ಸಂಬಂಧ?"

"ಕೇಸ ಆಗ್ಲಿಲ್ಲರಿ ಅದು. ಅದನ್ನೇ ನಾ ಕೇಳಾಕತ್ತೀನಿ."

ಅವರು ಒಳಗೆ ಹೋದರು. ಅವ್ವ ಮತ್ತೆ ಕೂತಳು. ಅಪ್ಪನ ಕೈಯ ಬಗ್ಗೆ ಅವಳು ನನ್ನ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವಳಿಗೆ ಕೋಪ ಇದ್ದದ್ದು ನನ್ನ ಗುಂಡುಗಳ ಮೇಲಲ್ಲ ಎಂದು ಆ ಬೆಂಚಿನ ಮೇಲೆ ನನಗೆ ಅರ್ಥವಾಯಿತು.

ಒಂಬತ್ತನೆಯ ದಿನ ಹೈದರಾಬಾದಿನ ಕಡೆಯಿಂದ ಸೈನ್ಯದ ತಜ್ಞರೊಬ್ಬರು ಬಂದರು. ನರೆತ ಮೀಸೆ, ನೇರ ಬೆನ್ನು, ತೆಲುಗು ಬೆರೆತ ಕನ್ನಡ. ಅಂಗಳದಲ್ಲಿ ಟಾರ್ಪಾಲು ಹಾಸಿ ಒಂದೊಂದನ್ನೇ ಎತ್ತಿ, ತೂತಿನಲ್ಲಿ ಬೆರಳಾಡಿಸಿ, ಪಕ್ಕಕ್ಕಿಟ್ಟರು. ಹತ್ತು ನಿಮಿಷವೂ ಆಗಲಿಲ್ಲ.

"ಅಂತಾ ಖಾಲಿ, ಎಲ್ಲಾ ಖಾಲಿ. ಇದನ್ನ ನೋಡ್ಲಿಕ್ಕೆ ನಾನು ಬರೋ ಅಗತ್ಯವೇ ಇರ್ಲಿಲ್ಲ. ಯಾವ ಸಿಪಾಯಿ ನೋಡಿದ್ರೂ ಹೇಳ್ತಿದ್ದ." ಆಮೇಲೆ ಒಂದು ಮಾರ್ಟರ್ ಗುಂಡನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ಈ ರಂಗು ಹಾಕಿದ್ದು ಯಾರು?"

ನಾನು ಬೆಂಚಿನಿಂದ ಎದ್ದು, "ನಾನು" ಎಂದೆ.

ಅವರು ನನ್ನ ಕಡೆ ತಿರುಗಿ, ಮೇಲಿಂದ ಕೆಳಗೆ ನೋಡದೆ, ನೇರ ಮುಖ ನೋಡಿದರು. "ಕೆಂಪು ಪಟ್ಟಿ ಅರ್ಧ ಇಂಚು ಕೆಳಗೆ ಬರಬೇಕು ಅಮ್ಮಾ. ಮಿಕ್ಕಿದ್ದೆಲ್ಲಾ ಕರೆಕ್ಟು. ನಾನು ಇಂಥವನ್ನ ಇಪ್ಪತ್ತೇಳು ವರ್ಷ ನೋಡಿದೀನಿ. ಈ ಹಸಿರು ಹ್ಯಾಗೆ ತಂದ್ರಿ?"

ಒಂಬತ್ತು ದಿನದ ನಂತರ ಒಬ್ಬ ಮನುಷ್ಯ ಅವುಗಳನ್ನು ನನ್ನವೆಂದು ಒಪ್ಪಿ ಮಾತಾಡಿದ್ದರು. ಹಳದಿ, ಕಪ್ಪು, ಒಂದು ಚಿಟಿಕೆ ಕಾವಿ ಎಂದು ಬೆರಳು ಮಡಿಸಿ ಹೇಳಿದೆ. ನಾಚಿಕೆಯಾಯಿತು. ಚಾಚಾ ಇನ್ನೂ ಒಳಗಿದ್ದರು, ನಾನು ಬಣ್ಣದ ಮಾತಿಗೆ ಹಿಗ್ಗುತ್ತಿದ್ದೆ.

ಅವರನ್ನು ಮಧ್ಯಾಹ್ನ ಬಿಟ್ಟರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಗಡ್ಡ ಕೆದರಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ನನ್ನನ್ನು ನೋಡಿ, "ರೊಟ್ಟಿ ಚಲೋ ಇತ್ತು ಬೇಟಿ" ಎಂದಷ್ಟೇ ಹೇಳಿ, ಕರೆದೊಯ್ಯಲು ಬಂದಿದ್ದ ಅಳಿಯನ ಹೆಗಲು ಹಿಡಿದು ನಡೆದರು.

ನನ್ನ ಗುಂಡುಗಳನ್ನು ವಾಪಸು ಕೊಡಲು ಇನ್ನೂ ಎರಡು ತಿಂಗಳು ಅಲೆಸಿದರು. ಕಡೆಗೆ ಕೊಟ್ಟಾಗ ಎಣಿಸಿದೆ. ಹತ್ತೊಂಬತ್ತು ಇದ್ದವು.

"ಇಪ್ಪತ್ತಮೂರು ಒಯ್ದಿದ್ರಿ."

"ಪಟ್ಟಿಯಲ್ಲಿ ಇಷ್ಟೇ ಇರೋದು" ಎಂದರು ಅಧಿಕಾರಿ. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರ ಮುಂದಿನ ಕಾಗದಗಳು ಹಾರದಂತೆ ಒಂದು ಗ್ರೆನೇಡು ಕೂತಿತ್ತು. ನನ್ನ ಹಸಿರು, ನನ್ನ ಅಕ್ಷರ. ನಾನು ಕೈಚಾಚಿ ಅದನ್ನು ಎತ್ತಿಕೊಂಡೆ. ಕಾಗದಗಳು ಕೋಣೆಯ ತುಂಬ ಹಾರಿದವು.

"ಇಪ್ಪತ್ತು" ಎಂದೆ. ಅದನ್ನು ಬ್ಯಾಗಿಗೆ ಹಾಕಿಕೊಂಡು ಹೊರಗೆ ನಡೆದೆ. ಯಾರೂ ತಡೆಯಲಿಲ್ಲ. ಎಲ್ಲರೂ ಬಗ್ಗಿ ಕಾಗದ ಆರಿಸುತ್ತಿದ್ದರು. ಉಳಿದ ಮೂರು ಯಾರ ಮನೆಯ ಷೋಕೇಸಿನಲ್ಲಿವೆಯೋ ನನಗೆ ತಿಳಿಯದು.

ಜೂನ್ ತಿಂಗಳಲ್ಲಿ ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡಿದರು. ತಾಯಿಯ ಊರು ಸಿಕ್ಕಿತಲ್ಲ, ಅದೃಷ್ಟವಂತೆ ಎಂದು ಸಹೋದ್ಯೋಗಿಗಳು ಹೇಳಿದರು. ಅದು ಶಿಕ್ಷೆಯ ವರ್ಗ ಎಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಸಿದ್ಧಮಾಡುತ್ತಿದ್ದ ಹುಡುಗಿಯರನ್ನು ನಡುವೆ ಬಿಟ್ಟು ಬಂದೆ. ಅವ್ವ ಜೋಳ ತುಂಬಿಡುವ ಗುಮ್ಮಿಯ ಪಕ್ಕದ ಗೂಡು ಖಾಲಿ ಮಾಡಿ, "ಇಲ್ಲಿ ಇಡು ನಿನ್ನ ಮಕ್ಕಳನ್ನ" ಎಂದಳು.

ಚಾಚಾನ ಅಂಗಡಿ ಮತ್ತೆ ತೆರೆಯಲೇ ಇಲ್ಲ. ಪೊಲೀಸರು ರಾಶಿಯನ್ನೆಲ್ಲ ಬೀದಿಗೆ ಕೆಡವಿದ್ದರು. ಆಮೇಲೆ ಮಾಲು ತರುವವರು ಆ ಕಡೆ ಸುಳಿಯಲಿಲ್ಲ. ಗಿಲ್ಲೆಸುಗೂರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದಾರೆಂದು ತಿಳಿದು, ದಸರೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದೆ. ಅಂಗಳದಲ್ಲಿ ಕೂತು ಬಾವಿಯ ರಾಟೆಯೊಂದನ್ನು ಬಿಚ್ಚಿ ಎಣ್ಣೆ ಹಾಕುತ್ತಿದ್ದರು. ಮಗಳು ಚಹಾ ತಂದುಕೊಟ್ಟಳು.

ನಾನು ಪತ್ರಿಕೆಗೆ ಬರೆದ ಮೂರು ಪತ್ರಗಳ ನಕಲು ಒಯ್ದಿದ್ದೆ. ಇವರು ನಿರಪರಾಧಿ, ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ ಎಂದು ಬರೆದಿದ್ದೆ. ಒಂದೂ ಅಚ್ಚಾಗಿರಲಿಲ್ಲ. ಓದಿ ಹೇಳಿದೆ. ಅವರು ತಲೆಯಾಡಿಸಿ, "ಬಿಡ್ರಿ ಬೇಟಿ, ಆಗಿದ್ದು ಆಗಿಹೋತು" ಎಂದರು.

ನನಗೆ ಅವರ ಮೇಲೂ ರೇಗಿತು. "ಹೆಂಗ ಬಿಡ್ತೀರಿ? ತೂತಿಲ್ಲದ ಗುಂಡು ಬಂದಾಗ ನೀವ ಹೋಗಿ ಹೇಳಿದ್ರಿ. ಅಂಥವರನ್ನ ಒಂಬತ್ತು ದಿನ ಒಳಗ ಕೂಡಿಸಿದ್ರು. ನಿಮಗ ಸಿಟ್ಟು ಬರಂಗಿಲ್ಲೇನ್ರಿ ಚಾಚಾ?"

ಅವರು ರಾಟೆಯನ್ನು ಕೆಳಗಿಟ್ಟು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ಬರ್ತದ. ಆದ್ರ ಸಿಟ್ಟು ಮಾಡಿದ್ರ ನಿಮ್ಮನ್ನ ದೇವದುರ್ಗಕ್ಕ ಕಳಿಸ್ತಾರ. ನಾ ಸಿಟ್ಟು ಮಾಡಿದ್ರ ನನ್ನ ಎಲ್ಲಿಗಿ ಕಳಿಸ್ತಾರ ಅಂತ ನಿಮಗೂ ಗೊತ್ತದ, ನನಗೂ ಗೊತ್ತದ. ಇಲ್ಲಿ ಮಗಳದಾಳ, ಅಳಿಯ ಅದಾನ, ಮೊಮ್ಮಕ್ಕಳದಾವ. ಚಹಾ ತಣ್ಣಗಾಗಾಕತ್ತದ, ಕುಡೀರಿ."

ಚಹಾ ಕುಡಿದೆ. ಅವರು ರಸ್ತೆಯ ತನಕ ಬಂದು ಬಸ್ಸು ಹತ್ತಿಸಿದರು. ರಾಯಚೂರು ಮುಟ್ಟುವ ತನಕ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಮರುದಿನ ಬೆಳಿಗ್ಗೆ ಸಂಪಾದಕರಿಗೆ ನಾಲ್ಕನೆಯ ಪತ್ರ ಬರೆದೆ. ಈ ಸಲ ಬೈದೇ ಬರೆದೆ. ಅದೂ ಅಚ್ಚಾಗಲಿಲ್ಲ.